ಪಾಠ ರೆಕಾರ್ಡ್ ಆಯ್ತು, ದನಿಯೇ ಇಲ್ಲ!

ಪ್ರಶ್ನೆ: ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಮಳೆಗಾಲದಲ್ಲಿ ಮೇಲಿಂದ ಮೇಲೆ ರಜೆ ಕೊಡುವುದರಿಂದ, ಹತ್ತನೇ ತರಗತಿ ಮಕ್ಕಳಿಗೆ ಟ್ಯಾಬ್ ಮೇಲೆ ಬರೆಯುತ್ತಾ ಪಾಠ ಹೇಳಿ, ಅದನ್ನೇ ಸ್ಕ್ರೀನ್ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕೋಣ ಎಂದುಕೊಂಡೆ. ಮೊದಲ ಸಲ ನಲವತ್ತು ನಿಮಿಷ ಪಾಠ ಮಾಡಿದೆ, ನೋಡಿದರೆ ದನಿಯೇ ಇಲ್ಲ. ಎರಡನೇ ಸಲ ದನಿ ಬಂತು, ನಡುವೆ ಬ್ಯಾಂಕಿನ ಮೆಸೇಜು ಇಣುಕಿ ನನ್ನ ಸಂಬಳದ ಲೆಕ್ಕವೂ ವಿಡಿಯೊದಲ್ಲಿ ಸೇರಿಹೋಯಿತು. ಮೂರನೇ ಸಲ ಎಲ್ಲ ಸರಿ, ಫೈಲ್ ಮಾತ್ರ ಒಂದೂಮುಕ್ಕಾಲು ಜಿಬಿ! ಮಕ್ಕಳಿಗೆ ಡೌನ್‌ಲೋಡ್ ಆಗಲೇ ಇಲ್ಲ. ಇನ್ನೊಂದು, ಊರಲ್ಲಿರುವ ಅಮ್ಮನಿಗೆ ಬ್ಯಾಂಕ್ ಆ್ಯಪ್ ಬಳಸುವುದು ಹೇಗೆಂದು ರೆಕಾರ್ಡ್ ಮಾಡಿದರೆ ವಿಡಿಯೊ ಪೂರ್ತಿ ಕಪ್ಪು. ಟ್ಯಾಬ್ ಸ್ಯಾಮ್‌ಸಂಗ್, ಫೋನ್ ರೆಡ್‌ಮಿ. ಬೇರೆ ಆ್ಯಪ್ ಹಾಕಿಕೊಳ್ಳಬೇಕೆ?

ಉತ್ತರ: ಬೇರೆ ಆ್ಯಪ್ ಬೇಡ ಮೇಡಂ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಪತ್ರ ಬರೆದು ನನ್ನ ಉತ್ತರ ಬರುವಷ್ಟರಲ್ಲಿ ಬಹಳ ಜನ ಪ್ಲೇಸ್ಟೋರಿಗೆ ಹೋಗಿ ಮೂರು ಆ್ಯಪ್ ಇಳಿಸಿಕೊಂಡಿರುತ್ತಾರೆ. ಐಫೋನ್, ಐಪ್ಯಾಡ್‌ಗಳಲ್ಲಿ 2017ರ ಐಒಎಸ್ 11ರಿಂದ ಸ್ಕ್ರೀನ್ ರೆಕಾರ್ಡಿಂಗ್ ಒಳಗೇ ಇದೆ. ಆಂಡ್ರಾಯ್ಡ್‌ನಲ್ಲಿ 2020ರ ಆಂಡ್ರಾಯ್ಡ್ 11ರಿಂದ ಬಂತು. ಸ್ಯಾಮ್‌ಸಂಗ್, ರೆಡ್‌ಮಿ ತಯಾರಿಸುವ ಶಓಮಿಯಂಥವರು ಅದಕ್ಕೂ ಮುಂಚೆಯೇ ತಮ್ಮದೊಂದನ್ನು ಕೊಟ್ಟಿದ್ದರು. ನಿಮ್ಮ ಎರಡೂ ಸಾಧನಗಳಲ್ಲಿ ಬೇಕಾದದ್ದು ಈಗಾಗಲೇ ಇದೆ.

ನಿಮ್ಮ ಮೂರು ಪ್ರಯತ್ನ ಕೆಟ್ಟದ್ದೂ ರೆಕಾರ್ಡಿಂಗ್ ಶುರುವಾಗುವ ಮುಂಚೆಯೇ. ಬಟನ್ ಒತ್ತುವುದು ಈ ಕೆಲಸದಲ್ಲಿ ಕಟ್ಟಕಡೆಯ ಹೆಜ್ಜೆ. ಅದಕ್ಕೆ ಮುಂಚಿನ ಐದು ನಿಮಿಷ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನ ನಲವತ್ತು ನಿಮಿಷದ ಹಣೆಬರಹ ನಿಂತಿರುತ್ತದೆ.

ಮೊದಲು ದನಿಯ ವಿಷಯ. ಈ ಬಗ್ಗೆ ನನಗೆ ಬರುವಷ್ಟು ಪತ್ರ ಇನ್ನಾವ ವಿಷಯಕ್ಕೂ ಬರುವುದಿಲ್ಲ. ಒಂದು ಹಂಡೆಗೆ ಎರಡು ನಲ್ಲಿ ಇವೆ ಅಂದುಕೊಳ್ಳಿ. ಒಂದು ನಲ್ಲಿಯಲ್ಲಿ ಬರುವುದು ಟ್ಯಾಬ್ ಒಳಗಿನ ಸದ್ದು: ಹಾಡು, ವಿಡಿಯೊ, ಆಟದ ಢಮಾರ್. ಇನ್ನೊಂದರಲ್ಲಿ ಬರುವುದು ಮೈಕ್ ಕೇಳಿಸಿಕೊಂಡ ಹೊರಗಿನ ಸದ್ದು, ಅಂದರೆ ನಿಮ್ಮ ಮಾತು. ಯಾವ ನಲ್ಲಿ ತಿರುಗಿಸಬೇಕು ಎಂದು ರೆಕಾರ್ಡರ್ ನಿಮ್ಮನ್ನು ಕೇಳುತ್ತದೆ. ಆ ಪ್ರಶ್ನೆಯನ್ನು ನಾವು ಓದದೆ ಓಕೆ ಒತ್ತಿ ಮುಂದೆ ಹೋಗುತ್ತೇವೆ. ನಿಮ್ಮ ಮೊದಲ ವಿಡಿಯೊದಲ್ಲಿ ಆದದ್ದು ಇದೇ ಇರಬೇಕು: ಒಂದೋ ಎರಡೂ ನಲ್ಲಿ ಬಂದ್, ಇಲ್ಲವೇ ಒಳಗಿನ ನಲ್ಲಿ ಮಾತ್ರ ತೆರೆದಿತ್ತು. ಟ್ಯಾಬ್ ಒಳಗೆ ಏನೂ ಹಾಡುತ್ತಿರಲಿಲ್ಲ, ಹಾಗಾಗಿ ನಲವತ್ತು ನಿಮಿಷ ಮೌನ ತುಂಬಿಕೊಂಡಿತು.

ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಮೇಲಿನಿಂದ ಎರಡು ಸಲ ಎಳೆದರೆ ಕ್ವಿಕ್ ಸೆಟ್ಟಿಂಗ್ಸ್ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಸ್ಕ್ರೀನ್ ರೆಕಾರ್ಡರ್ ಇದೆ. ಕಾಣದಿದ್ದರೆ ಪಕ್ಕದ ಪುಟಕ್ಕೆ ಸರಿಸಿ. ಅಲ್ಲೂ ಇಲ್ಲದಿದ್ದರೆ ಪೆನ್ಸಿಲ್ ಚಿತ್ರ ಅಥವಾ ಮೂರು ಚುಕ್ಕಿ ಒತ್ತಿ, ಉಳಿದ ಬಟನ್‌ಗಳ ಗುಂಪಿನಿಂದ ಹಿಡಿದೆಳೆದು ಮೇಲಕ್ಕೆ ತಂದಿಟ್ಟುಕೊಳ್ಳಿ. ಒತ್ತಿದೊಡನೆ ಸೌಂಡ್ ಬಗ್ಗೆ ಮೂರು ಆಯ್ಕೆ ತೋರಿಸುತ್ತದೆ: ದನಿ ಬೇಡ, ಮೀಡಿಯಾ ದನಿ ಮಾತ್ರ, ಮೀಡಿಯಾ ಮತ್ತು ಮೈಕ್. ನಿಮಗೆ ಬೇಕಾದ್ದು ಮೂರನೆಯದು. ಒಮ್ಮೆ ಆರಿಸಿದ್ದನ್ನು ಆಮೇಲೆ ಬದಲಿಸಬೇಕಾದರೆ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಫೀಚರ್ಸ್ ಒಳಗೆ ಸ್ಕ್ರೀನ್‌ಶಾಟ್ ಮತ್ತು ಸ್ಕ್ರೀನ್ ರೆಕಾರ್ಡರ್ ಎಂಬ ಕಡೆ ಇದೇ ಪಟ್ಟಿ ಸಿಗುತ್ತದೆ.

ರೆಡ್‌ಮಿ ಫೋನ್‌ನಲ್ಲಿ ಸ್ಕ್ರೀನ್ ರೆಕಾರ್ಡರ್ ಅನ್ನುವುದು ಪ್ರತ್ಯೇಕ ಆ್ಯಪ್ ಆಗಿಯೇ ಟೂಲ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಸೋರ್ಸ್ ನೋಡಿ, ಮ್ಯೂಟ್ ಇದ್ದರೆ ಮೈಕ್ ಮಾಡಿ. ಐಫೋನ್, ಐಪ್ಯಾಡ್ ಇರುವವರು ಇದನ್ನು ಓದುತ್ತಿದ್ದರೆ: ಕಂಟ್ರೋಲ್ ಸೆಂಟರ್‌ನಲ್ಲಿ ಬಳೆಯೊಳಗೆ ಕುಂಕುಮ ಇಟ್ಟಂಥ ದುಂಡು ಗುರುತು ಇರುತ್ತದೆ. ಅದನ್ನು ಸುಮ್ಮನೆ ಒತ್ತಿದರೆ ಮೂರು ಎಣಿಸಿ ರೆಕಾರ್ಡ್ ಶುರು. ಆದರೆ ಮೈಕ್ ಆನ್ ಆಗಬೇಕೆಂದರೆ ಅದನ್ನು ಒತ್ತಿ ಹಿಡಿಯಬೇಕು, ಆಗ ಕೆಳಗೆ ಮೈಕ್ರೊಫೋನ್ ಬಟನ್ ಮೇಲೇಳುತ್ತದೆ. ಒತ್ತಿ ಹಿಡಿಯಬೇಕು ಎಂದು ಎಲ್ಲೂ ಬರೆದಿರುವುದಿಲ್ಲ. ಹತ್ತು ವರ್ಷದಿಂದ ಐಫೋನ್ ಹಿಡಿದವರಿಗೂ ಇದು ಗೊತ್ತಿರದೆ ಇದ್ದದ್ದನ್ನು ನೋಡಿದ್ದೇನೆ.

ಇನ್ನು ನಾನು ಎಷ್ಟು ಹೇಳಿದರೂ ಜನ ಮಾಡದ ಕೆಲಸ: ಹತ್ತು ಸೆಕೆಂಡಿನ ಪರೀಕ್ಷೆ. "ಒಂದು ಎರಡು ಮೂರು, ಹತ್ತನೇ ತರಗತಿ ಗಣಿತ" ಎಂದು ಹೇಳಿ, ನಿಲ್ಲಿಸಿ, ಗ್ಯಾಲರಿಗೆ ಹೋಗಿ ಕೇಳಿ. ಕೇಳಿಸಿತೇ? ಈಗ ಪಾಠ ಶುರುಮಾಡಿ. ಪ್ರತಿದಿನ ಮಾಡಿ. ನಿನ್ನೆ ಬಂದಿತ್ತಲ್ಲ ಎಂದು ಬಿಡಬೇಡಿ, ರಾತ್ರಿ ಮಗ ಗೇಮ್ ರೆಕಾರ್ಡ್ ಮಾಡಲು ಸೆಟ್ಟಿಂಗ್ ಬದಲಿಸಿರುತ್ತಾನೆ.

ಮೈಕ್ ಆನ್ ಇದ್ದರೆ ಸಾಲದು, ಮೈಕ್ ಎಲ್ಲಿದೆ ಎಂದೂ ಗೊತ್ತಿರಬೇಕು. ಟ್ಯಾಬ್‌ನ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ, ಅದೇ ಮೈಕ್. ಬರೆಯುವಾಗ ಅಂಗೈ ಊರುವುದು ಸರಿಯಾಗಿ ಅಲ್ಲಿಗೇ ಬಂದರೆ ನಿಮ್ಮ ಮಾತು ಕಂಬಳಿ ಹೊದ್ದು ಆಡಿದಂತೆ ಕೇಳಿಸುತ್ತದೆ. ಟ್ಯಾಬನ್ನು ತಿರುಗಿಸಿ ಆ ಅಂಚು ಕೈಯಿಂದ ದೂರ ಬರುವಂತೆ ಇಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯದು ವೈರ್ ಇರುವ ಇಯರ್‌ಫೋನ್, ನೂರೈವತ್ತು ಇನ್ನೂರು ರೂಪಾಯಿಯದಾದರೂ ಸಾಕು. ಆದರೆ ಅದರ ಮೈಕ್ ಎದೆಯ ಹತ್ತಿರ ತೂಗಾಡಿ ಸೆರಗಿಗೋ ಸರಕ್ಕೋ ಉಜ್ಜುತ್ತಿದ್ದರೆ ಪಾಠದುದ್ದಕ್ಕೂ ಕರಕರ ಸದ್ದು. ಒಂದು ಪಿನ್ನು ಹಾಕಿ ಸಿಕ್ಕಿಸಿಕೊಳ್ಳಿ. ಬ್ಲೂಟೂತ್ ಇಯರ್‌ಬಡ್ ಬೇಡ. ಹಲವು ಫೋನ್‌ಗಳಲ್ಲಿ ರೆಕಾರ್ಡರ್ ಅದರ ಮೈಕನ್ನು ತೆಗೆದುಕೊಳ್ಳುವುದೇ ಇಲ್ಲ, ನೀವು ಕಿವಿಯ ಹತ್ತಿರ ಪಿಸುಗುಟ್ಟುತ್ತಿರುತ್ತೀರಿ, ಅದು ಮೇಜಿನ ಮೇಲಿನಿಂದ ಕೇಳಿಸಿಕೊಳ್ಳುತ್ತಿರುತ್ತದೆ.

ಗಾಜಿನ ಬಳೆ ಹಾಕುವವರಾದರೆ ಬರೆಯುವ ಕೈಯದನ್ನು ಅಷ್ಟು ಹೊತ್ತು ತೆಗೆದಿಡಿ. ಬಳೆ ಟ್ಯಾಬಿಗೆ ತಗುಲುವ ಟಣ್ ಸದ್ದು ಕೋಣೆಯಲ್ಲಿ ನಮಗೆ ಕೇಳಿಸುವುದೇ ಇಲ್ಲ, ವಿಡಿಯೊದಲ್ಲಿ ಅದು ಗುಡಿಯ ಗಂಟೆ. ಟ್ಯಾಬ್ ಕೆಳಗೆ ಮಡಚಿದ ಟವೆಲ್ ಹಾಸಿದರೆ ಮೇಜಿನ ಕುಟ್ಟುವ ಸದ್ದು ನಿಲ್ಲುತ್ತದೆ. ಫ್ಯಾನ್ ಆರಿಸಿ. ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ, ಅದಕ್ಕೆ ನನ್ನಲ್ಲಿ ಬೇರೆ ಉಪಾಯವಿಲ್ಲ.

ಈಗ ಬ್ಯಾಂಕಿನ ಮೆಸೇಜು. ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು, ನಾನೂ ಅನುಭವಿಸಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಕಚೇರಿಯ ಸಿಬ್ಬಂದಿಗೆ ಮೊಬೈಲಿನಲ್ಲಿ ಅರ್ಜಿ ತುಂಬುವುದು ಹೇಗೆಂದು ರೆಕಾರ್ಡ್ ಮಾಡಿ ಕಳಿಸಿದೆ. ಬಲು ಗಂಭೀರವಾಗಿ ಹುಟ್ಟಿದ ದಿನಾಂಕ ತುಂಬುತ್ತಿರುವಾಗ ಮೇಲಿನಿಂದ ಮನೆಯವರ ಮೆಸೇಜು ಇಳಿಯಿತು: "ಕೊತ್ತಂಬರಿ ಸೊಪ್ಪು ಮರೀಬೇಡಿ, ಹೋದ್ಸಲ ತಂದಿದ್ದು ಕೊಳೆತಿತ್ತು." ಎಂಬತ್ತು ಜನ ನೋಡಿದರು. ಆ ಕಚೇರಿಯಲ್ಲಿ ನಾನು ಇಂದಿಗೂ ಕೊತ್ತಂಬರಿ ಸಾರ್. ಸೊಪ್ಪಿನ ಜಾಗದಲ್ಲಿ ಓಟಿಪಿ ಇದ್ದಿದ್ದರೆ ನಗುವ ಮಾತಾಗುತ್ತಿರಲಿಲ್ಲ.

ಪರಿಹಾರ ಬಹಳ ಸಣ್ಣದು. ನಿಮ್ಮ ಪಾಠ ಸ್ಯಾಮ್‌ಸಂಗ್ ನೋಟ್ಸ್‌ನಲ್ಲಿ ಬರೆಯುವಂಥದ್ದು, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಕರೆ ಇಲ್ಲ, ಮೆಸೇಜ್ ಇಲ್ಲ, ಯಾವ ಗುಂಪಿನ ಶುಭೋದಯವೂ ಇಲ್ಲ. ಇಂಟರ್ನೆಟ್ ಬೇಕಾಗುವ ಪಾಠವಾದರೆ ಡು ನಾಟ್ ಡಿಸ್ಟರ್ಬ್ ಹಾಕಿ. ಆದರೆ ಅದರಲ್ಲೊಂದು ಸೂಕ್ಷ್ಮ ಇದೆ: ಕೆಲವು ಫೋನ್‌ಗಳಲ್ಲಿ ಅದು ಸದ್ದನ್ನು ಮಾತ್ರ ಅಡಗಿಸುತ್ತದೆ, ಮೆಸೇಜು ತಣ್ಣಗೆ ಇಳಿದು ಹೋಗುತ್ತದೆ. ಅದರ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಷನ್ ಅಡಗಿಸು ಎಂಬುದನ್ನೂ ಆರಿಸಬೇಕು.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಪಾಠ ಮುಗಿಯಿತು, ರೆಕಾರ್ಡ್ ನಿಲ್ಲಿಸಬೇಕು, ಮೇಲಿನಿಂದ ಪಟ್ಟಿ ಎಳೆಯುತ್ತೀರಿ. ಬೆಳಗಿನಿಂದ ಬಂದು ಕೂತ ಮೆಸೇಜುಗಳೆಲ್ಲ ಆ ಪಟ್ಟಿಯಲ್ಲಿ ಸಾಲಾಗಿ ನಿಂತಿವೆ, ರೆಕಾರ್ಡ್ ಇನ್ನೂ ನಡೆಯುತ್ತಿದೆ! ಹಾಗಾಗಿ ಶುರುಮಾಡುವ ಮುಂಚೆ ಪಟ್ಟಿಯನ್ನು ಕ್ಲಿಯರ್ ಆಲ್ ಮಾಡಿ. ನಿಲ್ಲಿಸಲು ಪರದೆಯ ಮೇಲೆ ತೇಲುವ ಪುಟ್ಟ ಬಟನ್ ಇದ್ದರೆ ಅದನ್ನೇ ಒತ್ತಿ. ಕಳಿಸುವ ಮುನ್ನ ಗ್ಯಾಲರಿಯಲ್ಲೇ ಟ್ರಿಮ್ ಬಳಸಿ ಕೊನೆಯ ನಾಲ್ಕೈದು ಸೆಕೆಂಡು ಕತ್ತರಿಸಿ.

ಪರದೆ ಆರುವ ಸಮಯವನ್ನೂ ಹತ್ತು ನಿಮಿಷಕ್ಕೆ ಏರಿಸಿಕೊಳ್ಳಿ. ಪ್ರಮೇಯದ ಹಿನ್ನೆಲೆಯನ್ನು ಬಾಯಲ್ಲಿ ವಿವರಿಸುತ್ತಾ ಒಂದು ನಿಮಿಷ ಟ್ಯಾಬ್ ಮುಟ್ಟದಿದ್ದರೆ ಅದು ನಿದ್ದೆಹೋಗಿ ಲಾಕ್ ಆಗುತ್ತದೆ, ಹಲವು ಫೋನ್‌ಗಳಲ್ಲಿ ಅದರ ಜೊತೆಗೇ ರೆಕಾರ್ಡಿಂಗ್ ಕೂಡ ನಿಲ್ಲುತ್ತದೆ. ಟ್ಯಾಬ್ ಅಡ್ಡವೋ ಉದ್ದವೋ ಎಂಬುದನ್ನು ಮೊದಲೇ ತೀರ್ಮಾನಿಸಿ ಆಟೊ ರೊಟೇಟ್ ಆಫ್ ಮಾಡಿ; ನಡುವೆ ತಿರುಗಿದರೆ ಚಿತ್ರ ಕುಗ್ಗಿ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಅಡ್ಡ ಇರಲಿ ಎಂಬುದು ನನ್ನ ಮತ.

ಈಗ ನೀವು ಕೇಳದ, ನಾನು ಹೇಳಲೇಬೇಕಾದ ಒಂದು ಮಾತು. ಥೇಲ್ಸ್‌ನ ಪ್ರಮೇಯ ಹೇಳುತ್ತಿದ್ದೀರಿ ಎಂದುಕೊಳ್ಳಿ. ಕರಿಹಲಗೆಯ ಮುಂದಾದರೆ "ಈ ಬಾಹು ಈ ಬಾಹುವಿಗೆ ಸಮಾಂತರ" ಎನ್ನುತ್ತಾ ಬೆರಳಿಡುತ್ತೀರಿ, ಮಕ್ಕಳು ಬೆರಳನ್ನು ನೋಡುತ್ತಾರೆ. ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಬೆರಳೇ ಇಲ್ಲ! ಪರದೆಯ ಮೇಲೆ ಮೂಡಿದ್ದು ಮಾತ್ರ ದಾಖಲಾಗುತ್ತದೆ, ನಿಮ್ಮ ಕೈ ಆಗುವುದಿಲ್ಲ. ಮಗು ಕೇಳಿಸಿಕೊಳ್ಳುವುದು "ಇದು ಇದಕ್ಕೆ ಸಮಾಂತರ", ನೋಡುವುದು ಅಲ್ಲಾಡದ ಒಂದು ತ್ರಿಭುಜ. ಯಾವುದು ಯಾವುದಕ್ಕೆ?

ಇದಕ್ಕೆ ಎರಡು ಮದ್ದು. ರೆಕಾರ್ಡರ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶ ತೋರಿಸು, ಅಂದರೆ ಶೋ ಟಚಸ್ ಎಂಬ ಗುಂಡಿ ಇದೆ. ಅದನ್ನು ಆನ್ ಮಾಡಿದರೆ ಬೆರಳಿಟ್ಟ ಕಡೆ ಒಂದು ಚುಕ್ಕೆ ಕಾಣುತ್ತದೆ. ಆ್ಯಪ್ ಬಳಸುವುದನ್ನು ಕಲಿಸುವ ವಿಡಿಯೊಗಳಿಗೆ ಇದು ಬೇಕೇ ಬೇಕು. ಆದರೆ ಬರೆಯುವ ಪಾಠಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ: ಮಾತಿನ ರೀತಿಯನ್ನು ಬದಲಿಸಿಕೊಳ್ಳಿ. "ಇದು" ಎಂಬ ಪದವನ್ನು ಬಿಟ್ಟುಬಿಡಿ. "ಕೆಳಗಿನ ಬಾಹುವಿನ ಹೆಸರು ಬಿ.ಸಿ. ಅದಕ್ಕೆ ಸಮಾಂತರವಾಗಿ ಒಳಗೆ ಕೆಂಪು ಗೆರೆ ಎಳೀತೀನಿ, ಹೆಸರು ಡಿ.ಇ." ಎನ್ನಿ, ಎನ್ನುವಾಗಲೇ ಕೆಂಪಿನಲ್ಲಿ ಎಳೆಯಿರಿ. ಪಾದ ಕಪ್ಪು, ಸಮಾಂತರ ರೇಖೆ ಕೆಂಪು, ಅನುಪಾತ ನೀಲಿ ಎಂದು ಬಣ್ಣ ಗೊತ್ತುಮಾಡಿಕೊಂಡರೆ ಒಂದು ವಾರದಲ್ಲಿ ಮಕ್ಕಳೇ "ಕೆಂಪು ಗೆರೆ ಅರ್ಥ ಆಗ್ಲಿಲ್ಲ ಮಿಸ್" ಎಂದು ಕೇಳುತ್ತಾರೆ.

ಪೆನ್ನಿನ ದಪ್ಪ ಹೆಚ್ಚಿಸಿ. ನಿಮ್ಮ ಟ್ಯಾಬ್ ಹತ್ತಿಂಚು, ಆ ಕಡೆ ನೋಡುವ ಫೋನ್ ಆರಿಂಚು, ಅದರ ಗಾಜು ಒಡೆದಿರಲೂಬಹುದು. ಒಂದು ಪರದೆಗೆ ಆರೇಳು ಸಾಲಿಗಿಂತ ಹೆಚ್ಚು ಬರೆಯಬೇಡಿ. ಪಾಠದ ಶೀರ್ಷಿಕೆ, ಲೆಕ್ಕದ ಹೇಳಿಕೆ ಇವನ್ನು ಮೊದಲೇ ಬರೆದಿಟ್ಟುಕೊಳ್ಳಿ; ಪ್ರಶ್ನೆ ಬರೆಯುವುದನ್ನು ನೋಡುತ್ತಾ ಕೂರುವ ತಾಳ್ಮೆ ಯಾವ ಮಗುವಿಗೂ ಇಲ್ಲ, ಬಿಡಿಸುವುದನ್ನು ನೋಡುವ ತಾಳ್ಮೆ ಇರುತ್ತದೆ.

ಮೂರನೆಯ ತೊಂದರೆ ಫೈಲಿನ ಗಾತ್ರ. ಗಣಿತದ ಟೀಚರಿಗೆ ಲೆಕ್ಕದಲ್ಲೇ ಹೇಳುತ್ತೇನೆ. 1080 ಪಿ ಎಂದರೆ ಒಂದು ಚೌಕಟ್ಟಿನಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕೆ. 720 ಪಿ ಎಂದರೆ 1280 ಗುಣಿಸು 720, ಅಂದರೆ 9,21,600. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಫೈಲಿನ ತೂಕವನ್ನು ಕೊನೆಗೆ ತೀರ್ಮಾನಿಸುವುದು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯಬೇಕು ಎಂಬ ಲೆಕ್ಕ. ಅದು 8 ಮೆಗಾಬಿಟ್ ಇದ್ದರೆ ಸೆಕೆಂಡಿಗೆ 1 ಎಂಬಿ, ನಿಮಿಷಕ್ಕೆ 60 ಎಂಬಿ, ನಲವತ್ತು ನಿಮಿಷಕ್ಕೆ 2,400 ಎಂಬಿ. 6 ಮೆಗಾಬಿಟ್ ಆಸುಪಾಸು ಇದ್ದರೆ ನಿಮ್ಮ ಒಂದೂಮುಕ್ಕಾಲು ಜಿಬಿ; ಅದು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ಅದನ್ನೇ 2 ಮೆಗಾಬಿಟ್‌ಗೆ ಇಳಿಸಿದರೆ ನಿಮಿಷಕ್ಕೆ 15 ಎಂಬಿ.

ಬಿಳಿ ಹಾಳೆಯ ಮೇಲೆ ಒಂದು ಗೆರೆ ನಿಧಾನವಾಗಿ ಮೂಡುವ ವಿಡಿಯೊಗೆ ಕ್ರಿಕೆಟ್ ಪಂದ್ಯಕ್ಕೆ ಬೇಕಾದಷ್ಟು ಮಾಹಿತಿ ಬೇಕಿಲ್ಲ. ರೆಡ್‌ಮಿಯ ರೆಕಾರ್ಡರ್‌ನಲ್ಲಿ ರೆಸಲ್ಯೂಷನ್ (ಚುಕ್ಕೆಗಳ ಲೆಕ್ಕ), ವಿಡಿಯೊ ಕ್ವಾಲಿಟಿ (ಬಿಟ್‌ರೇಟ್), ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚೌಕಟ್ಟು) ಮೂರನ್ನೂ ಇಳಿಸಬಹುದು. ಸೆಕೆಂಡಿಗೆ 24 ಅಥವಾ 30 ಫ್ರೇಮ್ ಧಾರಾಳವಾಯಿತು. ಸ್ಯಾಮ್‌ಸಂಗ್‌ನಲ್ಲಿ ಬಿಟ್‌ರೇಟ್ ಕೈಗೆ ಸಿಗುವುದಿಲ್ಲ, ಗುಣಮಟ್ಟವನ್ನು 1080ರಿಂದ 720ಕ್ಕೆ ಇಳಿಸಬಹುದು. 480 ಕೂಡ ಇದೆ, ಅದರಲ್ಲಿ ಘಾತದ ಸಣ್ಣ ಅಂಕಿಗಳು ಕಲಸಿಹೋಗುತ್ತವೆ, ಗಣಿತಕ್ಕೆ ಬೇಡ.

ಆದರೆ ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಪಾಠವನ್ನೇ ತುಂಡು ಮಾಡುವುದು. ಪಾಠ ನೋಡುವ ಫೋನು ಮಗುವಿನದಲ್ಲ, ಅಪ್ಪನದು. ತೋಟದಿಂದಲೋ ಆಟೊ ನಿಲ್ಲಿಸಿಯೋ ಅವರು ಮನೆಗೆ ಬಂದ ಮೇಲೆ ರಾತ್ರಿ ಎಂಟಕ್ಕೆ ಮಗುವಿನ ಕೈಗೆ ಬರುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು, ಅದರಲ್ಲಿ ಹಗಲೇ ಅರ್ಧ ಖರ್ಚಾಗಿರುತ್ತದೆ. ಒಂದೂಮುಕ್ಕಾಲು ಜಿಬಿ ಪಾಠ ಒಂದು ದಿನದ ಪೂರ್ತಿ ಪ್ಯಾಕಿಗಿಂತ ದೊಡ್ಡದು, ಇಳಿಯುವುದಾದರೂ ಹೇಗೆ? ನಲವತ್ತು ನಿಮಿಷವನ್ನು ಆರೇಳು ನಿಮಿಷದ ಆರು ತುಂಡು ಮಾಡಿ. ಒಂದು ತುಂಡಿಗೆ ಒಂದೇ ಲೆಕ್ಕ, ಇಲ್ಲವೇ ಒಂದೇ ಪ್ರಮೇಯ. ಮಧ್ಯೆ ತಪ್ಪಾದರೆ ಆರು ನಿಮಿಷವನ್ನಷ್ಟೇ ಮತ್ತೆ ಮಾಡಬೇಕು, ನಲವತ್ತನ್ನಲ್ಲ. ಫೈಲಿಗೆ ಹೆಸರನ್ನೂ ಕೊಡಿ: ತ್ರಿಭುಜ 1, ತ್ರಿಭುಜ 2 ಎಂದು. ರೆಕಾರ್ಡರ್ ತಾನಾಗಿ ಇಡುವ ದಿನಾಂಕದ ಉದ್ದುದ್ದ ಹೆಸರಿನಲ್ಲಿ ಯಾವ ಮಗುವಿಗೂ ಬೇಕಾದ್ದು ಸಿಗುವುದಿಲ್ಲ.

ವಾಟ್ಸ್‌ಆ್ಯಪ್‌ಗೆ ಎರಡು ದಾರಿ. ಗ್ಯಾಲರಿಯಿಂದ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ; ಫೈಲ್ ಸಣ್ಣದಾಗುತ್ತದೆ, ಸಣ್ಣ ಗೆರೆಗಳು ಮಸುಕಾಗುತ್ತವೆ. ಪೆನ್ನು ದಪ್ಪ ಇದ್ದರೆ ಇದೇ ಸಾಕು, ನಾನು ಮೊದಲು ಇದನ್ನೇ ಪ್ರಯತ್ನಿಸಿ ಎನ್ನುತ್ತೇನೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ, 2022ರಿಂದ 2 ಜಿಬಿವರೆಗೆ ಬಿಡುತ್ತಾರೆ. ಸಹೋದ್ಯೋಗಿಗೆ ಮೂಲ ಫೈಲ್ ಕಳಿಸಲು ಅದು ಸರಿ, ಮಕ್ಕಳಿಗಲ್ಲ.

ವರ್ಷ ಪೂರ್ತಿ ಮಾಡುವ ಮನಸ್ಸಿದ್ದರೆ ಯೂಟ್ಯೂಬ್ ಒಳ್ಳೆಯದು. ಅನ್‌ಲಿಸ್ಟೆಡ್ ಎಂದು ಹಾಕಿ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಆದರೆ ಬೀಗ ಹಾಕಿದಂತೆ ಅಂದುಕೊಳ್ಳಬೇಡಿ, ಲಿಂಕ್ ಯಾರಿಗೆ ಬೇಕಾದರೂ ಕೈದಾಟಬಹುದು. ಅದರ ದೊಡ್ಡ ಅನುಕೂಲ, ಸಿಗ್ನಲ್ ಇಲ್ಲದ ಕಡೆ ಅದೇ ತಾನಾಗಿ 240 ಪಿ, 144 ಪಿಗೆ ಇಳಿದು ಓಡುತ್ತದೆ. ಮೊಬೈಲ್ ನಂಬರಿನಿಂದ ಖಾತೆಯನ್ನು ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಬಿಡುವುದಿಲ್ಲ. ಆರು ನಿಮಿಷದ ತುಂಡಿಗೆ ಆ ತಾಪತ್ರಯವೂ ಇಲ್ಲ.

ಟ್ಯಾಬ್‌ನಲ್ಲಿ ಮೆಮೊರಿ ಕಾರ್ಡ್ ಇದ್ದರೂ ರೆಕಾರ್ಡ್ ಒಳಗಿನ ಸ್ಟೋರೇಜಿಗೇ ಆಗಲಿ, ಆಮೇಲೆ ಕಾರ್ಡಿಗೆ ಸಾಗಿಸಿ. ಹಳೆಯ ಕಾರ್ಡು ನಿಧಾನ, ಜೊತೆಗೆ ಫ್ಯಾಟ್ 32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಹಿಡಿಯುವುದೇ ಇಲ್ಲ. ಕಂಪ್ಯೂಟರಿನಲ್ಲಿ ಎಡಿಟ್ ಮಾಡುವವರಿಗೆ ಒಂದು ಕಿವಿಮಾತು: ಫೋನಿನ ರೆಕಾರ್ಡಿಂಗ್‌ನಲ್ಲಿ ಫ್ರೇಮ್ ರೇಟ್ ಸ್ಥಿರವಾಗಿರುವುದಿಲ್ಲ, ಪರದೆ ಅಲ್ಲಾಡದಿದ್ದಾಗ ಕಡಿಮೆ, ಅಲ್ಲಾಡಿದಾಗ ಹೆಚ್ಚು. ಕೆಲವು ಎಡಿಟರ್‌ಗಳಲ್ಲಿ ಹತ್ತು ನಿಮಿಷವಾಗುವಷ್ಟರಲ್ಲಿ ಮಾತು ಒಂದು ಕಡೆ, ಬರಹ ಒಂದು ಕಡೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಂಡರೆ ಸರಿಹೋಗುತ್ತದೆ.

ಶಾಲೆಯವರು ಗೂಗಲ್ ಮೀಟ್‌ನಲ್ಲಿ ತರಗತಿ ನಡೆಸಿ ಅದನ್ನೇ ಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡೋಣ ಎಂದರೆ ಒಪ್ಪಬೇಡಿ. ಕರೆ ನಡೆಯುವಾಗ ಮೈಕ್ ಕರೆಯ ಸುಪರ್ದಿಯಲ್ಲಿರುತ್ತದೆ. ಇನ್ನೊಂದು ಆ್ಯಪ್ ಕೈಚಾಚಿದರೆ ಆಂಡ್ರಾಯ್ಡ್ ಅದಕ್ಕೆ ಮೌನವನ್ನು ಕೊಡುತ್ತದೆ. ಇದು ಕದ್ದು ಕೇಳುವುದನ್ನು ತಡೆಯಲು ಬೇಕೆಂದೇ ಮಾಡಿದ ವ್ಯವಸ್ಥೆ. ವಾಟ್ಸ್‌ಆ್ಯಪ್ ಕರೆಗೂ ಇದೇ ಕಥೆ. ಮೇಲಾಗಿ ಮಕ್ಕಳ ಮುಖ, ದನಿ ಬರುವ ಯಾವುದನ್ನೂ ಅವರ ಮನೆಯವರಿಗೆ ಹೇಳದೆ ರೆಕಾರ್ಡ್ ಮಾಡಬಾರದು.

ಕೊನೆಗೆ ಅಮ್ಮನ ಬ್ಯಾಂಕ್ ಆ್ಯಪ್. ಕಪ್ಪು ಬಂದದ್ದು ದೋಷವಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಬರೆಯುವವರು ತಮ್ಮ ಪರದೆಗೆ "ಇದು ಗುಟ್ಟು" ಎಂದು ಒಂದು ಗುರುತು ಹಾಕಬಹುದು. ಹಾಕಿದರೆ ಆ ಪರದೆ ಸ್ಕ್ರೀನ್‌ಶಾಟ್‌ನಲ್ಲೂ ಬರುವುದಿಲ್ಲ, ರೆಕಾರ್ಡಿಂಗ್‌ನಲ್ಲೂ ಬರುವುದಿಲ್ಲ, ನಿಮ್ಮ ಕಣ್ಣಿಗೆ ಮಾತ್ರ ಕಾಣುತ್ತದೆ. ಬ್ಯಾಂಕುಗಳು, ಹಣ ಕಳಿಸುವ ಆ್ಯಪ್‌ಗಳು ಈ ಗುರುತು ಹಾಕಿಕೊಳ್ಳುತ್ತವೆ. ಸಿನಿಮಾ ತೋರಿಸುವ ಓಟಿಟಿ ಆ್ಯಪ್‌ಗಳಲ್ಲಿ ಕಪ್ಪು ಬರುವುದು ಸಿನಿಮಾ ನಕಲು ಮಾಡುವುದನ್ನು ತಡೆಯಲು, ಅದರ ಒಳಗಿನ ಬೀಗ ಬೇರೆ.

ಈ ಕಪ್ಪನ್ನು ತೆಗೆಯುತ್ತೇವೆ ಎಂದು ಇಂಟರ್ನೆಟ್ಟಿನಲ್ಲಿ ಎಪಿಕೆ, ಅಂದರೆ ಪ್ಲೇಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವ, ಫೈಲ್‌ಗಳು ಸಿಗುತ್ತವೆ. ದಯವಿಟ್ಟು ಮುಟ್ಟಬೇಡಿ. ರೆಕಾರ್ಡ್ ಶುರುವಾಗುವ ಮುಂಚೆ ಫೋನ್ ತೋರಿಸುವ ಎಚ್ಚರಿಕೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ: ಪರದೆಯ ಮೇಲೆ ಕಾಣುವ ಎಲ್ಲವೂ, ಪಾಸ್‌ವರ್ಡ್, ಪಾವತಿ ವಿವರ, ಮೆಸೇಜು, ಎಲ್ಲವೂ ಆ ಆ್ಯಪ್‌ಗೆ ಸಿಗುತ್ತದೆ ಎಂದು ಅದು ಹೇಳುತ್ತಿರುತ್ತದೆ. ನಿಮ್ಮ ಟ್ಯಾಬ್‌ನದೇ ರೆಕಾರ್ಡರ್ ಆದರೆ ಚಿಂತೆಯಿಲ್ಲ. ಹೆಸರು ಕೇಳದ ಆ್ಯಪ್ ಆದರೆ? ಅದರಲ್ಲೂ ರೆಕಾರ್ಡರ್ ಎಂದು ಹೇಳಿಕೊಂಡು ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಆ ಕ್ಷಣವೇ ಕಿತ್ತುಹಾಕಿ. ಪರದೆ ರೆಕಾರ್ಡ್ ಮಾಡಲು ಆ ಅನುಮತಿ ಬೇಕಾಗಿಯೇ ಇಲ್ಲ, ಅದು ನಿಮ್ಮ ಪರವಾಗಿ ಬಟನ್ ಒತ್ತುವ ಅಧಿಕಾರ.

ಅಮ್ಮನಿಗೆ ಇನ್ನೂ ಒಂದು ಮಾತು ಹೇಳಿಕೊಡಿ. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ, ಪರದೆ ಶೇರ್ ಮಾಡಿ ಎಂದು ಯಾರಾದರೂ ಫೋನ್ ಮಾಡಿದರೆ ಕರೆ ಕಟ್ ಮಾಡಬೇಕು. ದೂರದಿಂದ ಫೋನನ್ನು ನೋಡಿ ನಡೆಸುವ ಎನಿಡೆಸ್ಕ್‌ನಂಥ ಆ್ಯಪ್‌ಗಳನ್ನು ವಂಚಕರು ಹೀಗೆ ಬಳಸಿಕೊಳ್ಳುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆ ಆ್ಯಪ್‌ಗಳು ಕೆಟ್ಟವಲ್ಲ, ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಆ ಕಡೆ ಕೂತವರು ಯಾರು ಎಂಬುದೇ ಪ್ರಶ್ನೆ. ಹಣ ಹೋಯಿತು ಎಂದಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಾಗಾದರೆ ಅಮ್ಮನಿಗೆ ಕಲಿಸುವುದು ಹೇಗೆ? ಇನ್ನೊಂದು ಫೋನಿನಿಂದ ಪರದೆಯ ವಿಡಿಯೊ ತೆಗೆಯೋಣ ಎಂದು ನಿಮಗೆ ಹೊಳೆದಿರಬಹುದು. ಬೇಡ, ನಿಮ್ಮ ಖಾತೆ ಸಂಖ್ಯೆ, ಬ್ಯಾಲೆನ್ಸ್ ಎಲ್ಲ ಅದರಲ್ಲಿ ಬರುತ್ತದೆ, ಆ ವಿಡಿಯೊ ಅಮ್ಮನ ಫೋನಿನಿಂದ ಇನ್ನೆಲ್ಲಿಗೆ ಹೋಗುತ್ತದೋ. ನಿಮ್ಮ ಟ್ಯಾಬ್‌ನಲ್ಲಿ ಪೆನ್ನು ಇದೆ. ಆ ಆ್ಯಪ್‌ನ ಪರದೆಯನ್ನು ನೋಟ್ಸ್‌ನಲ್ಲಿ ಕೈಯಲ್ಲೇ ಬಿಡಿಸಿ: ಒಂದು ಚೌಕ, ಮೇಲೆ ಮೂರು ಗೆರೆ, ಕೆಳಗೆ ಹಸಿರು ಬಟನ್. "ಅಮ್ಮಾ, ಹಸಿರು ಬಟನ್ ಒತ್ತು, ಆಮೇಲೆ ಹೀಗೆ ಕಾಣುತ್ತೆ" ಎಂದು ಹೇಳುತ್ತಾ ಅದನ್ನು ರೆಕಾರ್ಡ್ ಮಾಡಿ ಕಳಿಸಿ. ಪಾಠಕ್ಕೆ ಮಾಡಿದ ತಯಾರಿಯೇ ಇಲ್ಲಿಗೂ ಸಾಕು. ಅವರಿಗೆ ಬೇಕಾದ್ದು ಪಿಂಚಣಿ ಬಂತೇ ಎಂದು ನೋಡುವುದಷ್ಟೇ ಆಗಿದ್ದರೆ ಬಹುತೇಕ ಬ್ಯಾಂಕುಗಳಲ್ಲಿ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜ್ ಬರುವ ಸೌಲಭ್ಯ ಇದೆ. ಆ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರ್ ಇಟ್ಟು ಕಾಯುವವರಿದ್ದಾರೆ. ಶಾಖೆಯಲ್ಲಿ ಕೇಳಿ ಅಮ್ಮನ ಪಾಸ್‌ಬುಕ್ಕಿನ ಮೇಲೆ ದೊಡ್ಡದಾಗಿ ಬರೆದುಕೊಡಿ.